ಹೆಜ್ಜೆಗಳೆಲ್ಲ ಸರಿ, ಉತ್ತರ ಮಾತ್ರ ಎರಡು ಹೆಚ್ಚು

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ವರ್ಗ ಸಮೀಕರಣ ನನಗೆ ಎಂದೂ ಕಷ್ಟವಾಗಿರಲಿಲ್ಲ, ಆದರೆ ಅದರೊಳಗೆ ಮಾಡ್ಯುಲಸ್ (ಎರಡು ನಿಂತ ಗೆರೆಗಳ ನಡುವೆ ಬರೆಯುವ ನಿರಪೇಕ್ಷ ಮೌಲ್ಯ) ಬಂದ ಮೇಲೆ ಉತ್ತರಗಳು ತಪ್ಪತೊಡಗಿವೆ. |ಕ್ಷ² − 4ಕ್ಷ| = 3ಕ್ಷ − 6 ಎಂಬ ಲೆಕ್ಕವನ್ನು ಎರಡೂ ಕಡೆ ವರ್ಗ ಮಾಡಿ ಬಿಡಿಸಿದೆ. −2, 1, 3, 6 ಎಂಬ ನಾಲ್ಕು ಉತ್ತರಗಳು ಬಂದವು. ಪುಸ್ತಕದ ಹಿಂಭಾಗದಲ್ಲಿ 3 ಮತ್ತು 6 ಮಾತ್ರ ಇವೆ. ಪ್ರತಿ ಹೆಜ್ಜೆಯನ್ನೂ ಮೂರು ಬಾರಿ ನೋಡಿದೆ, ಎಲ್ಲಿಯೂ ತಪ್ಪು ಕಾಣಲಿಲ್ಲ. −2 ಋಣಸಂಖ್ಯೆಯಾದ್ದರಿಂದ ಬಿಡಬೇಕೆಂದು ಗೆಳತಿ ಹೇಳುತ್ತಾಳೆ. ಹಾಗಿದ್ದರೆ 1 ಏಕೆ ಹೋಯಿತು? ಕಾಲೇಜಿನಲ್ಲಿ ± ಹಾಕಿ ಬಿಡಿಸಿ ಎನ್ನುತ್ತಾರೆ, ಟ್ಯೂಷನ್ನಿನಲ್ಲಿ ವರ್ಗ ಮಾಡಿ ಎನ್ನುತ್ತಾರೆ, ಸಿಇಟಿಗೆ ತಯಾರಾಗುತ್ತಿರುವ ಅಣ್ಣ ನಕ್ಷೆ ಎಳೆದರೆ ಸಾಕು ಎನ್ನುತ್ತಾನೆ. ಯಾವುದನ್ನು ನಂಬಲಿ? ಕ್ಷ² − 4ಕ್ಷ + |ಕ್ಷ − 2| − 2 = 0 ಎಂಬ ಇನ್ನೊಂದು ಲೆಕ್ಕವಂತೂ ಬಿಡಿಸುತ್ತ ಹೋದಷ್ಟೂ ಉದ್ದವಾಗುತ್ತದೆ.

ಉತ್ತರ: ಮೊದಲು ಹೇಳಬೇಕಾದ ಮಾತೆಂದರೆ, ನಿಮ್ಮ ಹೆಜ್ಜೆಗಳಲ್ಲಿ ನಿಜವಾಗಿಯೂ ತಪ್ಪಿಲ್ಲ. ನಿಮಗೆ ದೊರೆತ ನಾಲ್ಕು ಸಂಖ್ಯೆಗಳೂ ನೀವು ಕೊನೆಗೆ ಬಿಡಿಸಿದ ಸಮೀಕರಣದ ಮೂಲಗಳೇ ಆಗಿವೆ. ತೊಡಕಿರುವುದು, ನೀವು ಕೊನೆಗೆ ಬಿಡಿಸಿದ ಸಮೀಕರಣವೂ ನಿಮಗೆ ಮೊದಲು ಕೊಟ್ಟಿದ್ದ ಸಮೀಕರಣವೂ ಒಂದೇ ಅಲ್ಲ ಎಂಬಲ್ಲಿ. ಮೂರು ಬಾರಿ ನೋಡಿದರೂ ತಪ್ಪು ಸಿಗದಿರುವುದಕ್ಕೆ ಇದೇ ಕಾರಣ. ಲೆಕ್ಕಾಚಾರದಲ್ಲಿ ತಪ್ಪಾಗಿದ್ದರೆ ಅದು ಕಣ್ಣಿಗೆ ಬೀಳುತ್ತಿತ್ತು. (ಪಠ್ಯಪುಸ್ತಕಗಳು ಎಕ್ಸ್ ಎಂದು ಬರೆಯುವ ಅವ್ಯಕ್ತವನ್ನು ನೀವು ಕ್ಷ-ಕಿರಣದ ಕ್ಷ ಎಂದು ಬರೆದಿದ್ದೀರಿ. ಓದಲು ಹಿತವಾಗಿರುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.)

ನಿಮ್ಮ ನಾಲ್ಕು ಸಂಖ್ಯೆಗಳನ್ನೂ ಮೊದಲು ಕೊಟ್ಟ ಸಮೀಕರಣದಲ್ಲಿ ಆದೇಶಿಸಿ, ಅಂದರೆ ಕ್ಷ ಇರುವಲ್ಲಿ ಹಾಕಿ, ನೋಡೋಣ. ಕ್ಷ = 6 ಆದಾಗ ಎಡಭಾಗ |36 − 24| = 12, ಬಲಭಾಗ 18 − 6 = 12. ಕ್ಷ = 3 ಆದಾಗ ಎಡಭಾಗ |9 − 12| = 3, ಬಲಭಾಗವೂ 3. ಕ್ಷ = 1 ಆದಾಗ ಎಡಭಾಗ |1 − 4| = 3, ಆದರೆ ಬಲಭಾಗ −3. ಕ್ಷ = −2 ಆದಾಗ ಎಡಭಾಗ |4 + 8| = 12, ಬಲಭಾಗ −12. ಸೋತ ಎರಡು ಸಂಖ್ಯೆಗಳೂ ಹೇಗೆ ಸೋತಿವೆ ಎಂಬುದನ್ನು ಗಮನಿಸಿ. ಅವು ಎಲ್ಲೋ ದೂರದಲ್ಲಿ ತಪ್ಪಿಲ್ಲ. ಎರಡರಲ್ಲಿಯೂ ಅಂಕಿ ಕೂಡಿಬಂದಿದೆ, ಚಿಹ್ನೆ ಮಾತ್ರ ತಿರುಗಿದೆ. ವರ್ಗ ಮಾಡಿದಾಗ 3 ಕೂಡ 9 ಆಗುತ್ತದೆ, −3 ಕೂಡ 9 ಆಗುತ್ತದೆ. ಆದ್ದರಿಂದ ವರ್ಗ ಮಾಡಿದ ಆ ಕ್ಷಣದಲ್ಲಿಯೇ ಬಲಭಾಗದಲ್ಲಿ 3ಕ್ಷ − 6 ಇತ್ತೋ ಅಥವಾ 6 − 3ಕ್ಷ ಇತ್ತೋ ಎಂಬ ಮಾಹಿತಿ ಅಳಿಸಿಹೋಯಿತು, ಮುಂದಿನ ಹೆಜ್ಜೆಗಳು ಎಷ್ಟೇ ಶುದ್ಧವಾಗಿದ್ದರೂ ಕಳೆದುಹೋದ ಆ ಮಾಹಿತಿಯನ್ನು ಮರಳಿ ತರಲಾರವು.

ಇದನ್ನು ಪರೀಕ್ಷಿಸಲು ನಿಮ್ಮ ಲೆಕ್ಕದ ಬಲಭಾಗವನ್ನು ತಿರುಗಿಸಿ |ಕ್ಷ² − 4ಕ್ಷ| = 6 − 3ಕ್ಷ ಎಂದು ಬರೆಯಿರಿ. ಇದರ ಉತ್ತರಗಳು 1 ಮತ್ತು −2. ಅಂದರೆ ನೀವು ಹೊಡೆದುಹಾಕಬೇಕಾಗಿ ಬಂದ ಎರಡು ಸಂಖ್ಯೆಗಳು ಕಸವಲ್ಲ, ಪಕ್ಕದ ಮನೆಗೆ ಹೊರಟ ನೆಂಟರು ನಿಮ್ಮ ಬಾಗಿಲು ತಟ್ಟಿದ್ದಾರೆ, ಅಷ್ಟೆ. ಇಂಥ ಸಂಖ್ಯೆಗಳನ್ನು ನಾನು ತರಗತಿಯಲ್ಲಿ ಸಲ್ಲದ ಮೂಲಗಳು ಎಂದು ಕರೆಯುತ್ತಿದ್ದೆ. ಅವು ತಪ್ಪು ಲೆಕ್ಕದಿಂದ ಹುಟ್ಟಿದವುಗಳಲ್ಲ, ನಿಮ್ಮನ್ನು ಕೇಳದೆ ಇದ್ದ ಇನ್ನೊಂದು ಪ್ರಶ್ನೆಯ ಸರಿ ಉತ್ತರಗಳು.

ಈ ಎರಡನೆಯ ಸಮೀಕರಣವೇ ನಿಮ್ಮ ಗೆಳತಿಯ ಮಾತಿಗೂ ಉತ್ತರ. ಅಲ್ಲಿ −2 ಸಲ್ಲುತ್ತದೆ, 3 ಮತ್ತು 6 ಸಲ್ಲುವುದಿಲ್ಲ. ನಿರಪೇಕ್ಷ ಮೌಲ್ಯ ಎಂದರೆ ಆ ಎರಡು ನಿಂತ ಗೆರೆಗಳ ನಡುವಿನಿಂದ ಹೊರಬರುವ ಬೆಲೆ ಋಣವಾಗಿರಬಾರದು ಎಂಬ ಕಟ್ಟಳೆಯೇ ಹೊರತು, ಕ್ಷ ಋಣವಾಗಿರಬಾರದು ಎಂದಲ್ಲ. ಮೌಲ್ಯಮಾಪನಕ್ಕೆ ಕುಳಿತಾಗ ನಾನು ಕಂಡ ಉತ್ತರಪತ್ರಿಕೆಗಳಲ್ಲಿ, ಸರಿಯಾದ ಋಣ ಉತ್ತರವನ್ನು ಕೊನೆಯ ಸಾಲಿನಲ್ಲಿ ತಾವಾಗಿಯೇ ಹೊಡೆದುಹಾಕಿ ಅಂಕ ಕಳೆದುಕೊಂಡವರು ಕಡಿಮೆಯೇನಲ್ಲ. ಇದರ ಜೊತೆಗೇ ಬರುವ ಇನ್ನೊಂದು ತಪ್ಪು ತಿಳಿವಳಿಕೆಯೆಂದರೆ, −ಕ್ಷ ಎಂದು ಬರೆದದ್ದೆಲ್ಲ ಋಣಸಂಖ್ಯೆ ಎಂಬುದು. ಕ್ಷ = −5 ಆಗಿದ್ದರೆ −ಕ್ಷ ಎಂಬುದು 5. ಒಳಗಿನ ಬೆಲೆ ಋಣವಾಗಿರುವಾಗ ನಾವು ಹಿಂದೆ ಹಾಕುವ ಕಳೆಯುವ ಚಿಹ್ನೆ ಅದನ್ನು ಧನವಾಗಿಸುವುದಕ್ಕಾಗಿಯೇ ಇರುವುದು. ಕಾರ್ಲ್ ವೈಯರ್‌ಸ್ಟ್ರಾಸ್ 1841ರಲ್ಲಿ ಈ ಗೆರೆಗಳ ಗುರುತನ್ನು ಬಳಸುವ ಮೊದಲೂ ಗಣಿತಜ್ಞರು ಈ ವಿಚಾರವನ್ನು ಮಾತಿನಲ್ಲಿ ಹೇಳಿಕೊಂಡೇ ಕೆಲಸ ನಡೆಸಿದ್ದರು. ಗುರುತು ಬಂದ ಮೇಲೆ ಬರಹ ಚಿಕ್ಕದಾಯಿತು, ಆದರೆ ಆ ಮಾತನ್ನು ಮನಸ್ಸಿನಲ್ಲಿಯೇ ಆಡಿಕೊಳ್ಳುವ ಅಭ್ಯಾಸ ತಪ್ಪಿಹೋಯಿತೇನೋ ಎಂದು ನನಗೆ ಅನ್ನಿಸುವುದುಂಟು.

ವರ್ಗ ಮಾಡಿದರೆ ಎರಡು ಪ್ರಶ್ನೆಗಳು ಒಂದಾಗಿಬಿಡುತ್ತವೆ ಎಂಬುದು ಹೊಸ ಸಂಗತಿಯಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತ ಶಿರೋಮಣಿಯ ಬೀಜಗಣಿತ ಭಾಗದಲ್ಲಿ ಕಪಿಗಳ ಒಂದು ಲೆಕ್ಕವಿದೆ. ಗುಂಪಿನ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದು, ಉಳಿದದ್ದನ್ನು ವರ್ಗ ಮಾಡಿದಷ್ಟು ಕಪಿಗಳು ಗುಹೆಯನ್ನು ಹೊಕ್ಕವು, ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ, ಒಟ್ಟು ಕಪಿಗಳೆಷ್ಟು ಎಂಬುದು ಪ್ರಶ್ನೆ. ಸಮೀಕರಣವಾಗಿ ಬರೆದರೆ (ಕ್ಷ/5 − 3)² + 1 = ಕ್ಷ. ಬಿಡಿಸಿದರೆ ಕ್ಷ² − 55ಕ್ಷ + 250 = 0 ಆಗಿ, 50 ಮತ್ತು 5 ಎಂಬ ಎರಡು ಮೂಲಗಳು ಬರುತ್ತವೆ. ಭಾಸ್ಕರರು 50ನ್ನು ಇಟ್ಟುಕೊಂಡು 5ನ್ನು ಬಿಡುತ್ತಾರೆ, ಏಕೆಂದರೆ ಐದರ ಐದನೆಯ ಒಂದು ಭಾಗ 1, ಅದರಿಂದ 3 ಕಳೆದರೆ −2, ಋಣವಾದ ಕಪಿಗಳನ್ನು ಲೋಕ ಒಪ್ಪುವುದಿಲ್ಲ. ಇಲ್ಲಿ 5 ಧನಸಂಖ್ಯೆಯೇ ಎಂಬುದನ್ನು ನೋಡಿ. ಅದು ಹೋದದ್ದು ತನ್ನ ಚಿಹ್ನೆಯಿಂದಲ್ಲ, ವರ್ಗದೊಳಗೆ ಅಡಗಿದ್ದ ಬೆಲೆಯ ಚಿಹ್ನೆಯಿಂದ. ನಿಮ್ಮ ಲೆಕ್ಕದಲ್ಲಿ 1 ಹೋದದ್ದೂ ಹೀಗೆಯೇ. ಲೆಕ್ಕದ ಮಾತನ್ನು ಸ್ವಲ್ಪ ತಿರುಗಿಸಿ, ಮೂರರಿಂದ ಐದನೆಯ ಒಂದು ಭಾಗವನ್ನು ಕಳೆಯಿರಿ ಎಂದಿದ್ದರೆ 5 ಉಳಿಯುತ್ತಿತ್ತು, 50 ಹೋಗುತ್ತಿತ್ತು. ಅದೇ ಗ್ರಂಥದ ಇನ್ನೊಂದು ಕಪಿಗಳ ಲೆಕ್ಕದಲ್ಲಿ, ಎಂಟನೆಯ ಒಂದು ಭಾಗದ ವರ್ಗದಷ್ಟು ಕಾಡಿನಲ್ಲಿ ಆಡುತ್ತಿವೆ, ಹನ್ನೆರಡು ಬೆಟ್ಟದ ಮೇಲಿವೆ ಎಂಬಲ್ಲಿ, 16 ಮತ್ತು 48 ಎರಡನ್ನೂ ಒಪ್ಪಲಾಗಿದೆ, ಏಕೆಂದರೆ ಅಲ್ಲಿ ಕಳೆಯುವ ಮಾತೇ ಇಲ್ಲ.

ಇನ್ನು ದಾರಿಗಳ ವಿಚಾರ. ಕಾಲೇಜು, ಟ್ಯೂಷನ್, ಅಣ್ಣ ಈ ಮೂವರಲ್ಲಿ ಯಾರೂ ತಪ್ಪು ಹೇಳಿಲ್ಲ, ಆದರೆ ಮೂವರೂ ತಮ್ಮ ದಾರಿಯ ಅಪಾಯವನ್ನು ನಿಮಗೆ ಹೇಳದೆ ಬಿಟ್ಟಿರುವಂತಿದೆ.

± ಹಾಕುವ ದಾರಿಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಒಂಟಿ ಮಾಡ್ಯುಲಸ್ ಒಂದು ಕಡೆಗೂ ಉಳಿದದ್ದೆಲ್ಲ ಇನ್ನೊಂದು ಕಡೆಗೂ ಇರುವಾಗ ನಾನು ಇದನ್ನೇ ಆರಿಸುತ್ತೇನೆ. ಕ್ಷ² − 4ಕ್ಷ = 3ಕ್ಷ − 6 ಎಂದಾಗ ಕ್ಷ² − 7ಕ್ಷ + 6 = 0, ಮೂಲಗಳು 1 ಮತ್ತು 6. ಕ್ಷ² − 4ಕ್ಷ = −(3ಕ್ಷ − 6) ಎಂದಾಗ ಕ್ಷ² − ಕ್ಷ − 6 = 0, ಮೂಲಗಳು 3 ಮತ್ತು −2. ಇಲ್ಲಿಗೇ ನಿಲ್ಲಿಸಿದರೆ ವರ್ಗ ಮಾಡಿದಾಗ ಬಂದ ಅದೇ ನಾಲ್ಕು ಸಂಖ್ಯೆಗಳು ಬರುತ್ತವೆ. ಅಂದರೆ ± ಹಾಕಿದ ಮಾತ್ರಕ್ಕೆ ಸಲ್ಲದ ಮೂಲಗಳು ದೂರವಾಗುವುದಿಲ್ಲ. ದೂರ ಮಾಡುವುದು ಒಂದೇ ಒಂದು ಸಾಲು, ಅದನ್ನು ಲೆಕ್ಕ ಶುರುಮಾಡುವ ಮೊದಲೇ ಬರೆದಿಡಬೇಕು: ಎಡಭಾಗ ಋಣವಾಗದ ಕಾರಣ ಬಲಭಾಗವೂ ಋಣವಾಗಬಾರದು, ಆದ್ದರಿಂದ 3ಕ್ಷ − 6 ≥ 0, ಅಂದರೆ ಕ್ಷ ≥ 2. ಈ ಸಾಲು ಇದ್ದರೆ −2 ಮತ್ತು 1 ತಾವಾಗಿಯೇ ಕೆಳಗಿಳಿಯುತ್ತವೆ.

ಅನೇಕ ವಿದ್ಯಾರ್ಥಿಗಳು ಇಲ್ಲಿ ಬೇಕಿಲ್ಲದ ಶ್ರಮ ಪಡುತ್ತಾರೆ. ಮೊದಲ ಸಂದರ್ಭಕ್ಕೆ ಕ್ಷ² − 4ಕ್ಷ ≥ 0, ಎರಡನೆಯದಕ್ಕೆ ಕ್ಷ² − 4ಕ್ಷ < 0 ಎಂದು ಎರಡು ವರ್ಗ ಅಸಮತೆಗಳನ್ನು ಬಿಡಿಸಿ, ಸಂಖ್ಯಾರೇಖೆ ಎಳೆದು, ಪ್ರತಿ ಮೂಲವೂ ತನ್ನ ವಲಯದಲ್ಲಿ ಬಿದ್ದಿದೆಯೇ ಎಂದು ನೋಡುತ್ತಾರೆ. ಅದು ಸರಿಯಾದ ವಿಧಾನವೇ, ಅದರಿಂದಲೂ 6 ಮತ್ತು 3 ಮಾತ್ರ ಉಳಿಯುತ್ತವೆ. ಆದರೆ ಬಲಭಾಗ ಋಣವಲ್ಲ ಎಂದು ಒಮ್ಮೆ ಖಚಿತವಾದ ಮೇಲೆ ಆ ಅಸಮತೆಗಳ ಅಗತ್ಯವಿಲ್ಲ. ಒಳಗಿನ ಬೀಜೋಕ್ತಿ ಬಲಭಾಗಕ್ಕೇ ಸಮವಾಗಿದ್ದರೆ, ಬಲಭಾಗದಂತೆ ಅದೂ ಋಣವಲ್ಲ. ಬಲಭಾಗವನ್ನು ಋಣ ಮಾಡಿದ್ದಕ್ಕೆ ಸಮವಾಗಿದ್ದರೆ, ಅದು ಸೊನ್ನೆ ಅಥವಾ ಋಣ. ಎರಡೂ ಸಂದರ್ಭಗಳ ಷರತ್ತು ತಾನಾಗಿಯೇ ಪೂರೈಸಿದೆ. ಒಂದು ಸರಳ ಅಸಮತೆಯಲ್ಲಿ ಮುಗಿಯುವ ಕೆಲಸಕ್ಕೆ ಎರಡು ವರ್ಗ ಅಸಮತೆಗಳನ್ನು ಬಿಡಿಸುವುದು ತಪ್ಪಲ್ಲದಿದ್ದರೂ, ಬರೆದಷ್ಟೂ ತಪ್ಪಲು ಜಾಗ ಹೆಚ್ಚುತ್ತದೆ.

ಆದರೆ ಸಂಖ್ಯಾರೇಖೆಯನ್ನು ತುಂಡು ಮಾಡುವ ಆ ವಿಧಾನವನ್ನು ಕಲಿಯದೆ ಬಿಡುವಂತಿಲ್ಲ, ಎರಡು ಮಾಡ್ಯುಲಸ್‌ಗಳು ಕೂಡಿಕೊಂಡು ಬಂದಾಗ ಅದೇ ಆಸರೆ. |ಕ್ಷ² − 4| + |ಕ್ಷ − 3| = 5 ಎಂಬುದನ್ನು ನೋಡಿ. ಒಳಗಿನ ಬೀಜೋಕ್ತಿಗಳು ಚಿಹ್ನೆ ಬದಲಿಸುವ ಬಿಂದುಗಳು −2, 2, 3. ಕ್ಷ ≥ 3 ಇರುವಲ್ಲಿ ಕ್ಷ² + ಕ್ಷ − 12 = 0 ಆಗಿ 3 ಮತ್ತು −4 ಬರುತ್ತವೆ, ಆ ವಲಯಕ್ಕೆ ಸೇರುವುದು 3 ಮಾತ್ರ. 2 ಮತ್ತು 3ರ ನಡುವೆ ಕ್ಷ² − ಕ್ಷ − 6 = 0, ಅದರ ಮೂಲಗಳು 3 ಮತ್ತು −2, ನಡುವೆ ಬೀಳುವುದು ಯಾವುದೂ ಇಲ್ಲ. −2 ಮತ್ತು 2ರ ನಡುವೆ ಕ್ಷ² + ಕ್ಷ − 2 = 0, ಮೂಲಗಳು 1 ಮತ್ತು −2, ಸೇರುವುದು 1. ಕ್ಷ ≤ −2 ಇರುವಲ್ಲಿ ಮತ್ತೆ ಕ್ಷ² − ಕ್ಷ − 6 = 0, ಈಗ ಸೇರುವುದು −2. ಒಟ್ಟು ಉತ್ತರ −2, 1, 3. ಮೂರರಲ್ಲಿ ಎರಡು ಉತ್ತರಗಳು ತುಂಡುಗಳು ಕೂಡುವ ಜಾಗದಲ್ಲಿಯೇ ಕುಳಿತಿವೆ ಎಂಬುದು ಈ ಲೆಕ್ಕದ ಕಿತಾಪತಿ. ಎಲ್ಲ ವಲಯಗಳಿಗೂ < ಚಿಹ್ನೆಯನ್ನೇ ಹಾಕಿಬಿಟ್ಟಿದ್ದರೆ ಆ ಎರಡೂ ಕಳೆದುಹೋಗಿ 1 ಒಂದೇ ಉಳಿಯುತ್ತಿತ್ತು. ಪ್ರತಿ ಕೂಡುಬಿಂದುವೂ ಯಾವುದಾದರೂ ಒಂದು ವಲಯಕ್ಕೆ ಸೇರಿರಲೇಬೇಕು, ಯಾವುದಕ್ಕೆ ಎಂಬುದು ಮುಖ್ಯವಲ್ಲ.

ವರ್ಗ ಮಾಡುವ ದಾರಿಗೆ ಬರೋಣ. ನಿಮ್ಮ ಲೆಕ್ಕದಲ್ಲಿ ಅದು ಕ್ಷ⁴ − 8ಕ್ಷ³ + 7ಕ್ಷ² + 36ಕ್ಷ − 36 = 0 ಎಂಬ ನಾಲ್ಕನೆಯ ಘಾತದ ಸಮೀಕರಣವನ್ನು ಕೊಡುತ್ತದೆ. ಇದನ್ನು ವಿಸ್ತರಿಸಿ ಬರೆದು ಮತ್ತೆ ಅಪವರ್ತಿಸಲು ಹೊರಡುವುದು ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ ಹಾಗೆ. ಎರಡು ವರ್ಗಗಳ ವ್ಯತ್ಯಾಸವನ್ನು ವಿಸ್ತರಿಸದೆ ಹಾಗೆಯೇ ಅಪವರ್ತಿಸಿದರೆ (ಕ್ಷ² − 7ಕ್ಷ + 6)(ಕ್ಷ² − ಕ್ಷ − 6) = 0 ಎಂದು ನೇರವಾಗಿ ಬರುತ್ತದೆ, ± ಹಾಕಿದಾಗ ಬಂದ ಎರಡು ವರ್ಗ ಸಮೀಕರಣಗಳೂ ಇವೇ. ಹಾಗಾಗಿ ಟ್ಯೂಷನ್ನಿನ ದಾರಿಯೂ ಕಾಲೇಜಿನ ದಾರಿಯೂ ಬೇರೆಬೇರೆಯಲ್ಲ, ಎರಡಕ್ಕೂ ಬೇಕಾಗಿರುವುದು ಕ್ಷ ≥ 2 ಎಂಬ ಅದೇ ಸಾಲು. ವರ್ಗ ಮಾಡುವುದು ಯಾವ ಷರತ್ತೂ ಇಲ್ಲದೆ ಕ್ಷೇಮವಾಗಿರುವುದು ಎರಡು ಬದಿಗಳಲ್ಲಿಯೂ ಮಾಡ್ಯುಲಸ್ ಇದ್ದಾಗ. ನಿಮ್ಮ ಲೆಕ್ಕ |ಕ್ಷ² − 4ಕ್ಷ| = |3ಕ್ಷ − 6| ಎಂದು ಇದ್ದಿದ್ದರೆ ನಿಮ್ಮ ನಾಲ್ಕು ಉತ್ತರಗಳೂ ಪೂರ್ತಿ ಸರಿಯಾಗಿರುತ್ತಿದ್ದವು.

ನಕ್ಷೆಯ ಬಗ್ಗೆ ನಿಮ್ಮ ಅಣ್ಣ ಹೇಳಿದ್ದರಲ್ಲಿ ಹುರುಳಿದೆ. ಸಿಇಟಿಯ ಗಣಿತ ಪತ್ರಿಕೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳು, ತಪ್ಪಿಗೆ ಅಂಕ ಕಡಿತವಿಲ್ಲ. ಆಯ್ಕೆಗಳಲ್ಲಿ ಸಂಖ್ಯೆಗಳೇ ಇದ್ದರೆ ಒಂದೊಂದನ್ನಾಗಿ ಆದೇಶಿಸಿ ನೋಡುವುದೇ ಎಲ್ಲಕ್ಕಿಂತ ಬೇಗ. ನಕ್ಷೆ ಮೆರೆಯುವುದು ಎಷ್ಟು ಉತ್ತರಗಳಿವೆ ಎಂದಷ್ಟೇ ಕೇಳಿದಾಗ. |ಕ್ಷ² − 4ಕ್ಷ + 3| ಎಂಬುದರ ನಕ್ಷೆಯನ್ನು ಎಳೆಯಲು, ಮಾಡ್ಯುಲಸ್ ಇಲ್ಲದ ಪರವಲಯವನ್ನು ಎಳೆದು, ಅಕ್ಷದ ಕೆಳಗೆ ಇಳಿದ ತೊಟ್ಟಿಲಿನಂಥ ಭಾಗವನ್ನು ಮೇಲಕ್ಕೆ ಮಡಚಿದರೆ ಆಯಿತು. (2, −1)ರಲ್ಲಿದ್ದ ಶೃಂಗ (2, 1)ಕ್ಕೆ ಏರುತ್ತದೆ, 1 ಮತ್ತು 3ರಲ್ಲಿ ನಕ್ಷೆ ಅಕ್ಷವನ್ನು ಚೂಪಾಗಿ ಮುಟ್ಟುತ್ತದೆ. ಇದನ್ನು ಒಂದು ಸ್ಥಿರಸಂಖ್ಯೆಗೆ ಸಮ ಮಾಡಿ, ಆ ಎತ್ತರದಲ್ಲಿ ಅಡ್ಡಗೆರೆ ಎಳೆದು ನೋಡಿ. ಎತ್ತರ 0 ಆದರೆ ಎರಡು ಉತ್ತರಗಳು, 0 ಮತ್ತು 1ರ ನಡುವೆ ನಾಲ್ಕು, ಸರಿಯಾಗಿ 1 ಆದರೆ ಮೂರು, 1ಕ್ಕಿಂತ ಹೆಚ್ಚಾದರೆ ಮತ್ತೆ ಎರಡು, ಋಣವಾದರೆ ಒಂದೂ ಇಲ್ಲ. ಮಾಡ್ಯುಲಸ್ ಇದ್ದರೆ ಉತ್ತರಗಳು ಎರಡರ ಗುಣಕದಲ್ಲಿಯೇ ಬರುತ್ತವೆ ಎಂಬ ನಂಬಿಕೆ ಇಲ್ಲಿಗೆ ಬಿದ್ದುಹೋಗುತ್ತದೆ.

ಅಪಾಯ ಬರುವುದು ಗೆರೆ ಓರೆಯಾದಾಗ. ಅದೇ ನಕ್ಷೆಯ ಮೇಲೆ 3 − ಕ್ಷ ಎಂಬ ಗೆರೆಯನ್ನು ಎಳೆದರೆ 0, 2, 3 ಎಂಬ ಮೂರು ಉತ್ತರಗಳು. ಗೆರೆಯನ್ನು ಕೂದಲೆಳೆಯಷ್ಟು ಮೇಲೆತ್ತಿ 3.2 − ಕ್ಷ ಮಾಡಿದರೆ ನಾಲ್ಕು. 3.25 − ಕ್ಷ ಎಂಬುದು ಮಡಚಿದ ಭಾಗವನ್ನು ಕ್ಷ = 2.5ರಲ್ಲಿ ಮುಟ್ಟಿಕೊಂಡು ಹೋಗುವುದರಿಂದ ಮತ್ತೆ ಮೂರು. 3.3 − ಕ್ಷ ಆದರೆ ಎರಡು. ಪರೀಕ್ಷಾ ಕೊಠಡಿಯಲ್ಲಿ ರಫ್ ಹಾಳೆಯ ಮೂಲೆಯಲ್ಲಿ ಕೈಯಿಂದ ಎಳೆದ ನಕ್ಷೆಯಲ್ಲಿ ಈ ನಾಲ್ಕೂ ಗೆರೆಗಳು ಒಂದೇ ಗೆರೆಯಂತೆ ಕಾಣುತ್ತವೆ. ಹಾಗಾಗಿ ಗೆರೆ ನಕ್ಷೆಯನ್ನು ಮುಟ್ಟಿದಂತೆ ಅಥವಾ ಮುಟ್ಟದಂತೆ ಅನುಮಾನ ಬಂದ ಕೂಡಲೇ ಕಣ್ಣನ್ನು ಬಿಟ್ಟು, ವರ್ಗ ಸಮೀಕರಣಕ್ಕೆ ಎಷ್ಟು ಮೂಲಗಳಿವೆ ಎಂದು ಹೇಳುವ ಶೋಧಕವನ್ನು ನಂಬಬೇಕು. ಮಡಚಿದ ಭಾಗದಲ್ಲಿ ಸಮೀಕರಣ −(ಕ್ಷ² − 4ಕ್ಷ + 3) = ಸ − ಕ್ಷ, ಅಂದರೆ ಕ್ಷ² − 5ಕ್ಷ + 3 + ಸ = 0. ಇಲ್ಲಿ ಸ ಎಂಬುದು ಗೆರೆಯ ಎತ್ತರವನ್ನು ಹೇಳುವ ಸಂಖ್ಯೆ. ಶೋಧಕ 13 − 4ಸ, ಅದು ಸೊನ್ನೆಯಾಗುವುದು ಸ = 3.25 ಆದಾಗ. ಜೆಇಇ ಮೇನ್‌ನಂಥ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುವುದರಿಂದ, ಈ ಒಂದು ಸಾಲಿನ ಲೆಕ್ಕಕ್ಕೆ ಸೋಮಾರಿತನ ಮಾಡುವುದು ದುಬಾರಿಯಾಗುತ್ತದೆ.

ನಡುವೆ ಒಂದು ಸಣ್ಣ ಎಚ್ಚರಿಕೆ. |ಕ್ಷ² − 4ಕ್ಷ + 3| = ಕ್ಷ² − 4ಕ್ಷ + 3 ಎಂದು ಕೇಳಿದರೆ ಮೊದಲ ಸಂದರ್ಭದಲ್ಲಿ 0 = 0 ಬರುತ್ತದೆ, ಎಷ್ಟೋ ಮಕ್ಕಳು ಇದನ್ನು ಉತ್ತರವಿಲ್ಲ ಎಂದು ಓದಿಬಿಡುತ್ತಾರೆ. ಒಳಗಿನ ಬೀಜೋಕ್ತಿ ಋಣವಲ್ಲದ ಎಲ್ಲ ಕಡೆಯೂ ಸಮೀಕರಣ ನಿಜ ಎಂಬುದೇ ಅದರ ಅರ್ಥ, ಆದ್ದರಿಂದ ಕ್ಷ ≤ 1 ಅಥವಾ ಕ್ಷ ≥ 3 ಇರುವ ಅಷ್ಟೂ ಸಂಖ್ಯೆಗಳು ಉತ್ತರಗಳೇ.

ನಿಮ್ಮ ಎರಡನೆಯ ಲೆಕ್ಕ ಬೇರೆ ಜಾತಿಯದು. ಮೊದಲನೆಯದರಲ್ಲಿ ವರ್ಗ ಬೀಜೋಕ್ತಿ ಮಾಡ್ಯುಲಸ್‌ನ ಒಳಗೆ ಇತ್ತು, ಇಲ್ಲಿ ಹೊರಗಿದೆ. ಇಂಥಲ್ಲಿ ವರ್ಗ ಮಾಡುವ ಗೋಜಿಗೇ ಹೋಗಬಾರದು, ಏಕೆಂದರೆ ಒಂದು ಸಂಖ್ಯೆಯ ವರ್ಗವೂ ಅದರ ನಿರಪೇಕ್ಷ ಮೌಲ್ಯದ ವರ್ಗವೂ ಒಂದೇ ಎಂಬ ಸಂಗತಿ ನಮ್ಮ ಕೈಯಲ್ಲಿ ಆಗಲೇ ಇದೆ. ಮೊದಲು ಸುಲಭದ ರೂಪವನ್ನು ನೋಡಿ. ಕ್ಷ² − 5|ಕ್ಷ| + 6 = 0 ಎಂಬಲ್ಲಿ |ಕ್ಷ|ವನ್ನು ತ ಎಂದುಕೊಂಡರೆ ತ² − 5ತ + 6 = 0, ತ = 2 ಅಥವಾ 3, ಹಾಗಾಗಿ ಕ್ಷ = ±2, ±3 ಎಂಬ ನಾಲ್ಕು ಉತ್ತರಗಳು. ಕ್ಷ² − |ಕ್ಷ| − 6 = 0 ಆಗಿದ್ದರೆ ತ = 3 ಅಥವಾ −2. ನಿರಪೇಕ್ಷ ಮೌಲ್ಯ −2 ಆಗಲಾರದು, ಆದ್ದರಿಂದ ±3 ಮಾತ್ರ. ಋಣವಾದದ್ದನ್ನು ಹೊಡೆದುಹಾಕಬೇಕು ಎಂಬ ನಿಮ್ಮ ಗೆಳತಿಯ ಮಾತು ಸರಿಯಾಗುವುದು ಇಲ್ಲಿ, ತ-ಕ್ಕೆ ಮಾತ್ರ. ಉಳಿದ 3ರಿಂದ ಬರುವ −3 ನಿಸ್ಸಂದೇಹವಾಗಿ ಉತ್ತರವೇ.

ನಿಮ್ಮ ಲೆಕ್ಕದಲ್ಲಿ ಗೆರೆಗಳೊಳಗೆ ಇರುವುದು ಕ್ಷ − 2. ಅದರ ವರ್ಗ ಕ್ಷ² − 4ಕ್ಷ + 4, ಎಂದರೆ ಕ್ಷ² − 4ಕ್ಷ ಎಂಬುದು (ಕ್ಷ − 2)² − 4. ಹತ್ತನೆಯ ತರಗತಿಯಲ್ಲಿ ವರ್ಗ ಪೂರ್ಣಗೊಳಿಸುವ ವಿಧಾನ ಎಂದು ಕಲಿತದ್ದು ಇದೇ. ಈಗ |ಕ್ಷ − 2| = ತ ಎಂದಿಟ್ಟುಕೊಂಡರೆ ಸಮೀಕರಣ ತ² − 4 + ತ − 2 = 0, ಅಂದರೆ ತ² + ತ − 6 = 0. ತ = 2 ಅಥವಾ −3. −3 ಆಗದು. |ಕ್ಷ − 2| = 2 ಆದ್ದರಿಂದ ಕ್ಷ = 4 ಅಥವಾ ಕ್ಷ = 0. ಆದೇಶಿಸಿ ನೋಡಿದರೆ 16 − 16 + 2 − 2 = 0, 0 − 0 + 2 − 2 = 0. ಎರಡೂ ಸಲ್ಲುತ್ತವೆ.